ನಮ್ಮ ಮನೆಗೆ ಕೊನೆಗೆ

ಮಾರ್ಚ್ ೪, ಸೋಮವಾರ

ಇವರನ್ನು ಇವತ್ತು ಮನೆಗೆ ಕರೆತಂದೆವು. ಆಸ್ಪತ್ರೆಯಿಂದ ಸಿಕ್ಕಿದ್ದು ಒಂದು ಚೀಲ ಮಾತ್ರೆ, ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ತೆಳ್ಳನೆಯ ನಳಿಕೆ, ಜೊತೆಗೆ ಡಾಕ್ಟರ ಎಚ್ಚರಿಕೆ. "ಬಾಯಿಗೆ ಒಂದು ಹನಿ ನೀರೂ ಹಾಕ್ಬೇಡಿ. ಅವರ ಗಂಟಲಿಗೆ ನುಂಗೋದು ಮರೆತುಹೋಗಿದೆ. ನೀರು ಹೊಟ್ಟೆಗೆ ಹೋಗೋ ಬದಲು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಕುತ್ತು."

ಲಕ್ವ ಬಲಗೈ, ಬಲಗಾಲು ಹಿಡಿದದ್ದು ಸಾಲದೆಂದು ಇವರ ಮಾತನ್ನು ತಾನು ನುಂಗಿತು, ನುಂಗುವುದನ್ನು ಇವರಿಂದ ಕಸಿದುಕೊಂಡಿತು.

ಈ ಬಡಾವಣೆಗೆಲ್ಲ ನೀರು ಬಿಡುವವರು ಇವರೇ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಚಿಕ್ಕವರಿಂದ ಮುದುಕರವರೆಗೆ ಎಲ್ಲರಿಗೂ ನೀರಣ್ಣ. ಬೀದಿ ಬೀದಿಯ ವಾಲ್ವ್ ತಿರುಗಿಸಿ ಎಲ್ಲರ ಮನೆಯ ಪಾತ್ರೆ ತುಂಬಿಸಿದವರಿಗೆ ಈಗ ಒಂದು ಗುಟುಕು ನೀರಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಬಹುದಂತೆ. ಒರೆಸಿದೆ. ಇವರು ಬಟ್ಟೆಯ ತುದಿಯನ್ನು ತುಟಿಯಲ್ಲಿ ಕಚ್ಚಿ ಹಿಡಿದರು, ಬಿಡಲೇ ಇಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಇದನ್ನೆಲ್ಲ ಬರೆಯುವ ಅಭ್ಯಾಸ ನನಗಿಲ್ಲ. ದಿನದ ಕಷ್ಟಸುಖವನ್ನೆಲ್ಲ ಇವರೊಡನೆ ಜಗಳ ಆಡಿ ಮುಗಿಸುತ್ತಿದ್ದೆ. ಈಗ ಇವರು ತಿರುಗಿ ಒಂದು ಮಾತು ಆಡುವಂತಿಲ್ಲ, ಒಬ್ಬಳೇ ಜಗಳ ಆಡಿದರೆ ರುಚಿಯಿಲ್ಲ. ಅದಕ್ಕೇ ಈ ಬರವಣಿಗೆ.

ಮಾರ್ಚ್ ೫, ಮಂಗಳವಾರ

ಬೆಳಗಿನಿಂದ ಫೋನು ನಿಂತಿಲ್ಲ. ಮೊದಲ ಅರ್ಧ ಮಾತು "ನೀರಣ್ಣ ಹೇಗಿದ್ದಾರೆ", ಉಳಿದರ್ಧ "ನೀರು ಯಾವಾಗ". ತಪ್ಪು ಹೇಳಲಾರೆ, ಅವರ ಮನೆಯಲ್ಲೂ ಪಾತ್ರೆ ಬೀಳುತ್ತವೆ, ಬಟ್ಟೆ ಬೀಳುತ್ತವೆ. ಆದರೂ ಕೇಳಿ ಕೇಳಿ ಮೈ ಉರಿಯಿತು.

ಮದುವೆಯಾದಾಗಿನಿಂದ ನನ್ನದೊಂದೇ ತಕರಾರು. ನೀರು ಬಿಡುವವರ ಮನೆಗೇ ನೀರು ಕೊನೆಗೆ. ಮೊದಲು ಏರು ಬೀದಿ, ಆಮೇಲೆ ಶಾಲೆ ಬೀದಿ, ಆಮೇಲೆ ತಗ್ಗಿನ ಬೀದಿ, ಎಲ್ಲರ ಪಾತ್ರೆ ತುಂಬಿ ತುಳುಕಿದ ಮೇಲೆ ನಮ್ಮ ಬೀದಿ. ಕೇಳಿದರೆ, "ನಾವು ಮೊದ್ಲು ತುಂಬಿಸ್ಕೊಂಡ್ರೆ ಬೀದೀಲಿ ತಲೆ ಎತ್ಕೊಂಡು ಓಡಾಡೋಕಾಗುತ್ತೇನೇ?" ಅನ್ನುವರು. ತಲೆ ಎತ್ತಿಕೊಂಡು ಓಡಾಡುವುದು ಇವರು, ಖಾಲಿ ಬಕೆಟ್ಟಿನ ಮುಂದೆ ತಲೆ ಮೇಲೆ ಕೈಹೊತ್ತು ಕೂರುವುದು ನಾನು.

ಮಧ್ಯಾಹ್ನ ನೀರು ಸರಬರಾಜಿನ ಇಂಜಿನಿಯರ್ ಮೇಡಂ ಬಂದರು. ಇವರ ಕೈಹಿಡಿದು ಮಾತಾಡಿಸಿದರು. ಆಮೇಲೆ ಬಾಗಿಲ ಹಿಂದೆ ನಿಲ್ಲಿಸಿದ್ದ ವಾಲ್ವ್ ಚಾವಿಯ ಕಡೆ ನೋಡಿದರು. ಚಾವಿಯೆಂದರೆ ಬೀರುವಿನ ಚಾವಿಯಲ್ಲ, ನನ್ನ ಎದೆಯುದ್ದದ ಕಬ್ಬಿಣದ ಸಲಾಕೆ, ಮೇಲೆ ಅಡ್ಡಕ್ಕೊಂದು ಹಿಡಿ.

"ಅಮ್ಮಾ, ಇರೋ ವಾಲ್ವ್‌ಮನ್‌ಗಳೆಲ್ಲ ಎರಡೆರಡು ಬಡಾವಣೆ ನೋಡ್ಕೋತಿದ್ದಾರೆ. ಇವರು ಹುಷಾರಾಗೋವರೆಗೆ ನೀವು ನೀರು ಬಿಡ್ತೀರಾ? ನಾನೇ ಜೊತೇಲಿ ನಿಂತು ಕಲಿಸ್ತೀನಿ."

"ನನಗೆ ಪರದೆ ಹೊಲಿಯೋದು ಬಿಟ್ರೆ ಏನೂ ಬರಲ್ಲ ಮೇಡಂ. ನೀರಿನ ವಿಷಯದಲ್ಲಿ ನನಗೆ ಗೊತ್ತಿರೋದು ಜಗಳ ಒಂದೇ."

"ಜಗಳ ಬರುತ್ತಲ್ಲ, ಅರ್ಧ ಕೆಲಸ ಬಂದಂಗೇ" ಎಂದು ನಕ್ಕರು. ನನಗೂ ನಗು ಬಂತು. ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಮಾರ್ಚ್ ೭, ಗುರುವಾರ

ಇವರ ಅಕ್ಕ ಬಂದು ಮನೆ ಹಿಡಿದುಕೊಂಡರು. ಅವರ ದನಿಗೆ ಕಿಟಕಿ ಗಾಜು ಅದುರುತ್ತದೆ, ಆದರೆ ನಳಿಕೆಯಲ್ಲಿ ಗಂಜಿ ತಿಳಿ ಹಾಕುವಾಗ ಕೈ ಎಷ್ಟು ಹಗುರ! ಅವರಿರುವುದರಿಂದಲೇ ನಾನು ಹೊಸಲು ದಾಟಿದ್ದು. ಪುಣ್ಯಾತ್ಗಿತ್ತಿ, ಕರೆಯದೇ ಬಂದರು.

ಮೇಡಂ ನನ್ನನ್ನು ದಿಬ್ಬದ ಮೇಲಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದರು. ಇಷ್ಟು ವರ್ಷ ಬಟ್ಟೆ ಒಣಹಾಕುವಾಗ ಕಂಡದ್ದೇ ಹೊರತು ಅದರ ಬುಡಕ್ಕೆ ಹೋದವಳಲ್ಲ.

"ಹೊಳೆ ನೀರು ಶುದ್ಧ ಆಗಿ, ಔಷಧಿ ಬೆರೆಸಿಕೊಂಡು, ಪಂಪಿನಲ್ಲಿ ಇಲ್ಲಿಗೆ ಏರುತ್ತೆ. ಏರಿಸೋದಕ್ಕೆ ಮಾತ್ರ ಕರೆಂಟು. ಇಲ್ಲಿಂದ ನಿಮ್ಮ ಅಡುಗೆಮನೆ ನಲ್ಲಿವರೆಗೆ ಅದರ ಭಾರದಿಂದ ಅದೇ ಇಳ್ಕೊಂಡು ಹೋಗುತ್ತೆ. ಈ ಟ್ಯಾಂಕಿನ ಎತ್ತರಾನೇ ಅದರ ಶಕ್ತಿ."

ಟ್ಯಾಂಕಿನಿಂದ ಹೊರಟ ಪೈಪು ಎರಡು ಕೈಯಲ್ಲಿ ತಬ್ಬುವಷ್ಟು ದಪ್ಪ. ಬೀದಿಗೆ ತಿರುಗುವಲ್ಲಿ ತೋಳಿನಷ್ಟಾಗುತ್ತದೆ, ಮನೆಗೆ ಬರುವಷ್ಟರಲ್ಲಿ ಹೆಬ್ಬೆರಳಿನಷ್ಟು. ನೀರಿಗೆ ತಗ್ಗು ಸಿಕ್ಕರೆ ಏರಿನ ಯೋಚನೆಯೇ ಇರುವುದಿಲ್ಲವಂತೆ. ಆದ್ದರಿಂದ ತಗ್ಗಿನ ಬೀದಿಗಳ ವಾಲ್ವ್ ಮುಚ್ಚಿಟ್ಟು, ಬೇರೆ ದಾರಿಯಿಲ್ಲದ ಹಾಗೆ ಮಾಡಿ, ಮೊದಲು ಏರು ಬೀದಿಗೆ ಕಳಿಸಬೇಕು. ಅಷ್ಟು ನನಗೂ ಅರ್ಥವಾಯಿತು. ನಮ್ಮ ಮನೆಯಲ್ಲೂ ಸುಲಭದ ದಾರಿ ಮುಚ್ಚದೆ ಯಾವ ಕೆಲಸವೂ ಆಗುವುದಿಲ್ಲ.

"ಹಾಗಾದ್ರೆ ನಮ್ಮ ಬೀದಿ ಮೇಡಂ?" ಎಂದೆ.

"ಅದು ಮಧ್ಯದ್ದು. ಏರು ಬೀದಿಗಿಂತ ಮುಂಚೆನೋ ಆಮೇಲೋ, ಯಾವಾಗ ಬಿಟ್ರೂ ನಡೆಯುತ್ತೆ."

ಯಾವಾಗ ಬಿಟ್ಟರೂ ನಡೆಯುತ್ತದಂತೆ! ಕೊನೆಗೇ ಬಿಡಬೇಕೆಂಬ ನಿಯಮ ಎಲ್ಲೂ ಇಲ್ಲವಂತೆ! ಮನೆಗೆ ಬಂದವಳೇ ಮಂಚದ ಪಕ್ಕ ನಿಂತು, "ನನ್ನ ಕೈಗೆ ಚಾವಿ ಬಂದಿದೆ ರೀ. ಇನ್ನು ಮೊದಲು ನಮ್ಮ ಬೀದಿಗೇ ಬಿಡ್ತೀನಿ, ನೋಡ್ತಿರಿ" ಎಂದೆ. ಇವರು ಮುಖ ಗೋಡೆ ಕಡೆಗೆ ತಿರುಗಿಸಿದರು.

ಮಾರ್ಚ್ ೯, ಶನಿವಾರ

ಬರೆಯಲು ನಾಚಿಕೆ.

ಇವತ್ತು ನಾನೇ ನೀರು ಬಿಟ್ಟೆ. ಹೇಳಿದಂತೆ ನಮ್ಮ ಬೀದಿಗೇ ಮೊದಲು. ಮೇಡಂ ಟ್ಯಾಂಕಿನ ಹತ್ತಿರದಿಂದ ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ. ನಲ್ಲಿ ತಿರುಗಿಸಿದಷ್ಟೇ ಅಲ್ಲವೇ ಎಂದು ಚಾವಿಯನ್ನು ರಸ್ತೆಯ ವಾಲ್ವ್ ಗುಂಡಿಗೆ ಇಳಿಸಿ ಗರಗರ ತಿರುಗಿಸಿದೆ. ನೆಲದೊಳಗೆ ಯಾರೋ ಬಾಗಿಲು ಗುದ್ದಿದ ಹಾಗೆ ಸದ್ದು. ಒಂದು, ಇನ್ನೊಂದು, ಆಮೇಲೆ ನಮ್ಮ ಬೀದಿಯ ದರ್ಜಿಯ ಅಂಗಡಿ ಮುಂದೆ ರಸ್ತೆಯೇ ಬಾಯಿಬಿಟ್ಟು ನೀರು ಮೇಲಕ್ಕೆ ಚಿಮ್ಮಿತು. ಅಂಗಡಿಯೊಳಗಿನ ಚಪ್ಪಲಿಗಳು ಒಂದೊಂದಾಗಿ ತೇಲಿಕೊಂಡು ಹೊರಗೆ ಬಂದವು. ಹಿಂದೆಯೇ ದರ್ಜಿಯೂ ಬಂದ.

ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಆತ ಪ್ಯಾಂಟು ಮಡಿಸಿಕೊಂಡು, "ಬಿಡಮ್ಮ, ಅಂಗಡಿ ತೊಳೀಬೇಕು ಅಂತ ವರ್ಷದಿಂದ ಅಂದ್ಕೋತಿದ್ದೆ" ಎಂದ. ಅಷ್ಟೇ ಅಲ್ಲ, ಒಳಗಿಂದ ಕುರ್ಚಿ ತಂದು ನನ್ನನ್ನು ಕೂರಿಸಿ ಚಹಾ ಕೊಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಚಹಾಕ್ಕೆ ಕಣ್ಣಲ್ಲಿ ನೀರು ಬಂತು.

ಮೇಡಂ ಓಡಿ ಬಂದು ಮುಖ್ಯ ವಾಲ್ವ್ ಮುಚ್ಚಿಸಿದರು. "ಖಾಲಿ ಪೈಪು ಖಾಲಿ ಇರಲ್ಲ ಅಮ್ಮಾ, ಗಾಳಿ ತುಂಬಿರುತ್ತೆ. ಅದಕ್ಕೆ ಹೊರಗೆ ಹೋಗೋಕೆ ಸಮಯ ಕೊಡ್ದೆ ನೀರು ನುಗ್ಗಿಸಿದ್ರೆ ನೀರೇ ಸುತ್ತಿಗೆ ಆಗುತ್ತೆ. ಕೀಲು ಇರೋ ಕಡೆ ಬಿಟ್ಕೊಳ್ಳುತ್ತೆ."

ದುರಸ್ತಿಯವರು ಸಂಜೆಯೊಳಗೆ ಅಗೆದು, ಕೂಡಿಸಿ, ಮುಚ್ಚಿ ಹೋದರು. ಮೈಯೆಲ್ಲ ಕೆಸರು, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಮಾರ್ಚ್ ೧೧, ಸೋಮವಾರ

ಇವರಿಗೆ ಹೇಳಬಾರದೆಂದಿದ್ದೆ. ಅಕ್ಕನ ಬಾಯಲ್ಲಿ ನಿಲ್ಲಬೇಕಲ್ಲ! ಚಪ್ಪಲಿ ತೇಲಿದ ಕಥೆಯನ್ನು ಅಭಿನಯಿಸಿ ತೋರಿಸಿದರು. ಇವರ ಎದೆ ಕುಲುಕಿತು, ಗಂಟಲಲ್ಲಿ ಗೊರಗೊರ ಸದ್ದು. ಉಸಿರು ಸಿಕ್ಕಿಕೊಂಡಿತೆಂದು ನಾನು ಓಡಿ ಹೋಗಿ ಬೆನ್ನು ಹಿಡಿದರೆ, ನಗುತ್ತಿದ್ದರು. ಬಾಯಿ ಒಂದು ಕಡೆಗೆ ಮಾತ್ರ ಏರಿದ ನಗು. ಅರ್ಧವೇ ಇರಲಿ, ನನಗೆ ಅಷ್ಟು ಸಾಕು.

ಆಮೇಲೆ ಎಡಗೈ ಬೀಸಿ ಚಾವಿ ತೋರಿಸಿದರು. ತಂದು ಮಂಚದ ಪಕ್ಕ ನಿಲ್ಲಿಸಿ ಹಿಡಿದುಕೊಂಡೆ. ಇವರು ನನ್ನ ಮಣಿಕಟ್ಟು ಹಿಡಿದರು. ಒಂಚೂರು ತಿರುಗಿಸಿದರು, ನಿಲ್ಲಿಸಿದರು. ನಾನು ಮುಂದಕ್ಕೆ ತಿರುಗಿಸಹೋದರೆ ಹಿಡಿತ ಬಿಗಿಮಾಡಿದರು. ಕಾಯಬೇಕಂತೆ. ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ ಹಾಗಲ್ಲವೆಂದು ತಲೆ ಅಲ್ಲಾಡಿಸಿ ತಮ್ಮ ಕಿವಿ ಮುಟ್ಟಿ ತೋರಿಸಿದರು, ನನ್ನ ತಲೆಯನ್ನು ಬಗ್ಗಿಸಿ ಚಾವಿಯ ಹಿಡಿಗೆ ಕಿವಿ ತಾಗಿಸಿದರು. ಎಣಿಸುವುದಲ್ಲ, ಕೇಳುವುದು. ಮತ್ತೆ ಒಂಚೂರು ತಿರುಗಿಸಿದರು, ಮತ್ತೆ ಕಾದರು.

ನೀರು ಬಿಡುವುದರಲ್ಲಿ ತಿರುಗಿಸುವುದಕ್ಕಿಂತ ಕಾಯುವುದೇ ಹೆಚ್ಚು ಎಂದು ಇವತ್ತು ತಿಳಿಯಿತು. ಇವರು ಇಷ್ಟು ಹೊತ್ತು ನನ್ನ ಕೈ ಹಿಡಿದುಕೊಂಡದ್ದು ಮದುವೆಯಾದ ಮೇಲೆ ಇದೇ ಮೊದಲು. ಹೇಳಿದೆ. ಇವರು ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ನಟಿಸಿದರು.

ಮಾರ್ಚ್ ೧೬, ಶನಿವಾರ

ಏರು ಬೀದಿಗೆ ನೀರು ಹತ್ತಿಸಿದೆ! ನಾನೇ!

ಬೆಳಕು ಹರಿಯುತ್ತಿದ್ದಂತೆ ಹೋದೆ. ಮೇಡಂ ಪಕ್ಕದಲ್ಲಿ ನಿಂತರು, ಕೈಹಾಕಲಿಲ್ಲ. ತಗ್ಗಿನ ವಾಲ್ವುಗಳನ್ನು ಮುಚ್ಚಿ, ಏರಿನದಕ್ಕೆ ಚಾವಿ ಇಳಿಸಿ, ಒಂಚೂರು ತಿರುಗಿಸಿ ಹಿಡಿಗೆ ಕಿವಿಕೊಟ್ಟೆ. ಮೊದಲು ಏನೂ ಇಲ್ಲ, ನನ್ನ ರಕ್ತದ ಸದ್ದೇ ನನಗೆ ಕೇಳುತ್ತಿತ್ತು. ಆಮೇಲೆ ತೆಳ್ಳಗೆ ಉಸ್ಸ್ ಎಂದು ಗಾಳಿ. ಗಾಳಿ ಹೋಗಲಿ ಎಂದು ಕಾದೆ. ಉಸಿರು ದಪ್ಪವಾಯಿತು, ನಡುನಡುವೆ ಗುಳುಗುಳು ಅಂತು, ಇನ್ನಷ್ಟು ತಿರುಗಿಸಿದೆ, ಕೊನೆಗೆ ಎಲ್ಲ ಸೇರಿ ಒಂದೇ ಸಮನೆ ಗುಂಯ್ ಎನ್ನತೊಡಗಿತು. ಕಬ್ಬಿಣದ ಚಾವಿ ನನ್ನ ಕೈಯಲ್ಲಿ ಸಣ್ಣಗೆ ನಡುಗಿತು. ತುಂಬಿದ ಪೈಪು ಹೀಗಿರುತ್ತದೆಯೇ?

ಅಷ್ಟರಲ್ಲಿ ಮೇಲಿನ ತುದಿಯಿಂದ ಒಂದು ಹೆಂಗಸಿನ ದನಿ, "ನೀರು ಬಂತು!" ಪಕ್ಕದ ಮನೆಯಿಂದ "ನೀರು ಬಂತಾ? ನೀರು ಬಂತು!" ಮನೆಯಿಂದ ಮನೆಗೆ ಆ ಕೂಗು ಇಳಿದು ಬಂತು. ಆ ಕೂಗನ್ನು ಜೀವನವಿಡೀ ಮನೆಯೊಳಗೆ ಬಕೆಟ್ ಹಿಡಿದು ಕೇಳಿದವಳು ನಾನು. ಇವರು ದಿನಾ ಇಲ್ಲಿ ನಿಂತು ಕೇಳುತ್ತಿದ್ದರು. ಮನೆಗೆ ಬಂದಾಗ ಇವರ ಮುಖದಲ್ಲಿ ಅದೇನೋ ಒಂದು ಸಮಾಧಾನ ಇರುತ್ತಿತ್ತು, ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ.

ಈ ಪೈಪನ್ನು ಯಾವ ಕಾಲದಲ್ಲಿ ಯಾರು ಹೂತರೋ. ಬಿಸಿಲಲ್ಲಿ ಅಗೆದವರು, ಕೀಲು ಕೂಡಿಸಿದವರು, ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ನಾನು ಅನ್ನ ಮಾಡಿದ್ದು, ಮೈ ತೊಳೆದದ್ದು ಎಲ್ಲ ಅವರ ಋಣದಲ್ಲಿ. ಯಾರೂ ಇಲ್ಲದಾಗ ರಸ್ತೆಗೆ ಕೈಮುಗಿದೆ. ಹಾಲು ಹಾಕುವವನು ನೋಡಿಬಿಟ್ಟ.

ಮಾರ್ಚ್ ೧೯, ಮಂಗಳವಾರ

ತೋಳು ನೋವು. ಬರೆಯಲಾರೆ. ಏರು ಬೀದಿಯ ಕೊನೆ ಮನೆಯವರು ನನ್ನನ್ನು "ನೀರಕ್ಕ" ಎಂದರು. ಬೇರೆ ಯಾರನ್ನೋ ಕರೆದರೆಂದು ಹಿಂದಕ್ಕೆ ತಿರುಗಿ ನೋಡಿದೆ.

ಮಾರ್ಚ್ ೨೪, ಭಾನುವಾರ

ಇವರಿಗೆ ನುಂಗಲು ಕಲಿಸುವ ಹುಡುಗಿ ಎರಡನೇ ಸಲ ಬಂದಳು. ಅದಕ್ಕೂ ಓದು ಇದೆಯಂತೆ. ಅಕ್ಕ ಅವಳಿಗೆ "ನುಂಗು ಟೀಚರ್" ಎಂದು ಹೆಸರಿಟ್ಟಿದ್ದಾರೆ, ಅವಳೂ ಓಗೊಡುತ್ತಾಳೆ.

ಇವತ್ತು ಗಟ್ಟಿ ಗಂಜಿ, ಚಮಚದ ತುದಿಯಲ್ಲಿ ಒಂಚೂರು. ಗದ್ದವನ್ನು ಎದೆಗೆ ತಂದು ನುಂಗಬೇಕು, ಆಗ ಉಸಿರಿನ ದಾರಿ ಮುಚ್ಚಿ ಅನ್ನದ ದಾರಿ ತೆರೆಯುತ್ತದೆ. ನನ್ನ ಎರಡು ಬೆರಳನ್ನು ಇವರ ಗಂಟಲ ಮೇಲೆ ಇಡಿಸಿದಳು. "ಗಂಟಲ ಗಂಟು ಮೇಲೆ ಎದ್ದು ಕೆಳಗೆ ಇಳಿಯುತ್ತೆ, ಅದು ಗೊತ್ತಾಗೋವರೆಗೆ ಇನ್ನೊಂದು ಚಮಚ ಕೊಡ್ಬೇಡಿ. ಅವಸರ ಮಾಡ್ಬೇಡಿ."

"ಅವಸರದ ಪಾಠ ನನಗೆ ಆಗಿದೆಯಮ್ಮ" ಎಂದೆ. ದರ್ಜಿಯ ಅಂಗಡಿ ನೆನಪಾಯಿತು.

ಗಂಟು ಎದ್ದಿತು, ಇಳಿಯಿತು. ಸಂತೋಷಕ್ಕೆ, "ಹಾಗಾದ್ರೆ ಒಂದು ಗುಟುಕು ನೀರು?" ಎಂದುಬಿಟ್ಟೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಗಟ್ಟಿ ಪದಾರ್ಥ ನಿಧಾನ ಜಾರುತ್ತದೆ, ಗಂಟಲಿಗೆ ಸಿದ್ಧವಾಗಲು ಪುರುಸೊತ್ತು ಸಿಗುತ್ತದೆ. ನೀರು ತೆಳು, ಗಂಟಲು ಏಳುವ ಮೊದಲೇ ನುಗ್ಗುತ್ತದೆ. ಎಲ್ಲಕ್ಕಿಂತ ಕಷ್ಟ ನೀರೇ. ಅದು ಕೊನೆಯ ಪರೀಕ್ಷೆ.

ಇವರು ಕೇಳಿಸಿಕೊಂಡರು. ಅವಳು ಹೋದ ಮೇಲೆ ಬಹಳ ಹೊತ್ತು ಅಡುಗೆಮನೆಯ ನಲ್ಲಿಯ ಕಡೆ ನೋಡುತ್ತ ಮಲಗಿದ್ದರು.

ಮಾರ್ಚ್ ೩೦, ಶನಿವಾರ

ಇದನ್ನು ಪೂರ್ತಿ ಬರೆಯಬೇಕು.

ನಿನ್ನೆಯಿಂದ ಇವರಿಗೆ ಜ್ವರ. ಎದೆಯಲ್ಲಿ ಸ್ವಲ್ಪ ಕಫ ಇದೆ ಎಂದು ಡಾಕ್ಟರು ಔಷಧಿ ಬದಲಿಸಿದರು. ಬೆಳಿಗ್ಗೆ ಕಣ್ಣು ಸಹ ತೆರೆಯಲಿಲ್ಲ. ಇವತ್ತೂ ನೀರು ಬಿಡಬೇಕಿತ್ತು, ಮೊದಲು ಏರು ಬೀದಿಗೆ. ಯಾವ ಬೀದಿಯಾದರೂ ಹಾಳಾಗಿ ಹೋಗಲಿ ಎಂದು ಫೋನು ಆರಿಸಿ ಮಂಚದ ಪಕ್ಕ ಕೂತುಬಿಟ್ಟೆ. ನೋಡಲು ಬಂದ ದರ್ಜಿ ಬಾಗಿಲ ಬಳಿ ನಿಂತಿದ್ದ. ಅಕ್ಕ ಕಾಲು ಒತ್ತುತ್ತಿದ್ದರು.

ಇದ್ದಕ್ಕಿದ್ದಂತೆ ಇವರು ಕಣ್ಣು ತೆರೆದರು. ನನ್ನನ್ನು ನೋಡಿದರು, ಕಿಟಕಿಯ ಬಿಸಿಲು ನೋಡಿದರು. ತುಟಿ ಒದ್ದಾಡಿತು. ಇಷ್ಟು ದಿನ ಒಂದಕ್ಷರ ಬರದ ಬಾಯಿಂದ ಮಾತು ಬಂತು.

"ನೀ... ನೀರು... ಬಿಡು."

ಅಕ್ಕ ಎದೆ ಬಡಿದುಕೊಂಡರು. "ಅಯ್ಯೋ ನನ್ನ ತಮ್ಮಾ! ಕೊನೇ ಗುಟುಕು ಕೇಳ್ತಿದ್ದಾನಲ್ಲೇ! ಬಾಯಿಗೆ ನೀರು ಬಿಡು ಅಂತಿದ್ದಾನಲ್ಲೇ!" ದರ್ಜಿ ಕನ್ನಡಕ ತೆಗೆದು ತಲೆ ಬಗ್ಗಿಸಿದ. ಅಕ್ಕ ಅಡುಗೆಮನೆಗೆ ಓಡಿ ಲೋಟ, ಚಮಚ ತಂದು, "ಕುಡಿಯೋ ಕಂದಾ" ಎನ್ನುತ್ತ ಚಮಚವನ್ನು ತುಟಿಯ ಹತ್ತಿರ ಒಯ್ದರು.

ಆಗ ಇವರ ಮುಖ ಕಂಡಿತು. ಸಾಯುವವರ ಮುಖವಲ್ಲ ಅದು. ನಾನು ಬಲ್ಲ ಮುಖ. ಹೊರಡುವ ಹೊತ್ತಿಗೆ ಚಪ್ಪಲಿ ಸಿಗದಿದ್ದರೆ ಮಾಡುವ ಮುಖ. ಬಾಯಿ ಬಿಗಿಯಾಗಿ ಮುಚ್ಚಿ, ಎಡಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದರು. ಒಂಚೂರು ತಿರುಗಿಸಿ, ನಿಲ್ಲಿಸಿ, ಮತ್ತೆ ಒಂಚೂರು.

ಅಕ್ಕನ ಕೈ ಹಿಡಿದು ಎಳೆದೆ. ನೀರು ಹಾಸಿಗೆಗೆ ಚೆಲ್ಲಿತು. "ಅಕ್ಕಾ, ತಡೀರಿ! ಇವರು ತಮಗೆ ಕೇಳ್ತಿಲ್ಲ. ಏರು ಬೀದಿಗೆ ಕೇಳ್ತಿದ್ದಾರೆ!"

ಇವರು ನಿಟ್ಟುಸಿರು ಬಿಟ್ಟು ಹೌದೆಂದು ತಲೆಯಾಡಿಸಿದರು. ಕಡೆಗೂ ಗೊತ್ತಾಯಿತಲ್ಲ ಎಂಬ ಹಾಗೆ.

ಅಕ್ಕ ಚಮಚ ಹಿಡಿದೇ ನೆಲಕ್ಕೆ ಕುಸಿದು ಕೂತರು. "ನಿನ್ನ ನೀರಿಗಿಷ್ಟು ಬೆಂಕಿ ಹಾಕ! ನನ್ನ ಜೀವಾನೇ ಹೋಗಿತ್ತಲ್ಲೋ!" ಅಳುತ್ತಲೇ ನಗತೊಡಗಿದರು. ದರ್ಜಿ ಕನ್ನಡಕ ಹಾಕಿಕೊಂಡು, "ಹೋಗಮ್ಮಾ ಹೋಗು, ನಾನಿಲ್ಲೇ ಇರ್ತೀನಿ" ಎಂದ.

ಚಾವಿ ಹೆಗಲಿಗೇರಿಸಿ ಓಡಿದೆ. ಇಷ್ಟು ದಿನ ಆದ ಮೇಲೆ ಬಂದ ಎರಡು ಮಾತಿನಲ್ಲಿ ನನ್ನ ಸುದ್ದಿಯಿಲ್ಲ, ತಮ್ಮ ನೋವಿನ ಸುದ್ದಿಯಿಲ್ಲ, ನೀರು ಬಿಡು ಅಂತೆ. ಸಿಟ್ಟು ಬರಬೇಕಿತ್ತು. ದಾರಿಯುದ್ದಕ್ಕೂ ಅತ್ತೆ, ಆದರೆ ಅದು ದುಃಖದ ಅಳುವಲ್ಲ. ಮಾತು ಬಂತಲ್ಲ! ಆ ಎರಡು ಮಾತು ಯಾರು ಕೊಟ್ಟರೋ, ಅವರು ನೂರು ಕಾಲ ಚೆನ್ನಾಗಿರಲಿ.

ಏರು ಬೀದಿಗೆ ತಡವಾಗಿ ಹೋದರೂ ಯಾರೂ ಗೊಣಗಲಿಲ್ಲ. ಸುದ್ದಿ ನನಗಿಂತ ಮೊದಲೇ ಹತ್ತಿತ್ತು.

ಏಪ್ರಿಲ್ ೨, ಮಂಗಳವಾರ

ಜ್ವರ ಬಿಟ್ಟಿದೆ. ಗಂಜಿಯನ್ನೆಲ್ಲ ಬಾಯಿಂದಲೇ ತೆಗೆದುಕೊಳ್ಳುತ್ತಿದ್ದಾರೆ. ಮೂಗಿನ ನಳಿಕೆ ತೆಗೆದರು. ಇವರ ಮುಖ ಪೂರ್ತಿ ಕಂಡು ಎಷ್ಟು ದಿನವಾಗಿತ್ತು! ಪುಡಿ ಬೆರೆಸಿ ಜೇನಿನ ಹಾಗೆ ಗಟ್ಟಿ ಮಾಡಿದ ನೀರು ಕೊಡಬಹುದಂತೆ. ಕೊಟ್ಟೆ. ನುಂಗಿದರು, ಮುಖ ಸಿಂಡರಿಸಿ "ಅಂಟು" ಎಂದರು. ಹೊಸ ಮಾತು! ಅಂಟಾದರೂ ಆಗಲಿ, ಸಪ್ಪೆಯಾದರೂ ಆಗಲಿ, ದಿನಕ್ಕೊಂದು ಬೈಗುಳ ಬಂದರೆ ಸಾಕು.

ಏಪ್ರಿಲ್ ೯, ಮಂಗಳವಾರ

ಎದುರು ಮನೆಯಾಕೆ ಬಾಗಿಲಲ್ಲಿ ಹಿಡಿದು ನಿಲ್ಲಿಸಿದಳು. "ಈಗ ಚಾವಿ ನಿನ್ನ ಕೈಯಲ್ಲೇ ಇದೆಯಲ್ಲೇ, ನಮ್ಮ ಬೀದಿಗೆ ಮೊದಲು ಬಿಡಬಾರದಾ? ಕಾದು ಕಾದು ಸಾಕಾಗುತ್ತೆ."

ಎಂಥ ಮಾತಾಡುತ್ತಾಳೆ! "ಏರು ಬೀದಿಯೋರು ಖಾಲಿ ಕೊಡ ಇಟ್ಕೊಂಡು ಕೂತಿರ್ತಾರೆ. ನಾವು ಮೊದ್ಲು ತುಂಬಿಸ್ಕೊಂಡ್ರೆ ಬೀದೀಲಿ ತಲೆ ಎತ್ಕೊಂಡು ಓಡಾಡೋಕಾಗುತ್ತೇನೇ?" ಎಂದು ಚೆನ್ನಾಗಿ ಕೇಳಿ ಕಳಿಸಿದೆ.

ಒಳಗಿನಿಂದ ಇವರ ಗೊರಗೊರ ನಗು ಕೇಳಿಸಿತು. ಒಳಗೆ ಹೋಗಿ ಯಾಕೆಂದು ಕೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಲೇ ಇದ್ದರು. ಅದರಲ್ಲಿ ನಗುವಂಥದ್ದು ಏನಿತ್ತೋ, ನನಗಂತೂ ಗೊತ್ತಾಗಲಿಲ್ಲ.

ಏಪ್ರಿಲ್ ೧೩, ಶನಿವಾರ

ಇವತ್ತು ನೀರಿನ ಪರೀಕ್ಷೆ. ಗಟ್ಟಿ ಮಾಡದ, ಬರೀ ನೀರು. ಇದರಲ್ಲಿ ಕೆಮ್ಮು ಬಂದರೆ, ದನಿ ಒದ್ದೆಯಾದರೆ, ಮತ್ತೆ ಅಂಟು ನೀರೇ ಗತಿ, ಎಷ್ಟು ತಿಂಗಳೋ ಹೇಳಲಾಗದು.

ನುಂಗು ಟೀಚರ್ ನಾನು ಹೊರಡುವ ಮೊದಲೇ ಬಂದಳು. ಅಕ್ಕ ಕೊಡದಲ್ಲಿದ್ದ ನೀರು ಬಗ್ಗಿಸಿಕೊಂಡು ಬಂದರೆ ಇವರು ಲೋಟವನ್ನು ಕೈಯಿಂದ ದೂಡಿದರು. ನಲ್ಲಿಯ ಕಡೆ ಬೆರಳು ತೋರಿಸಿದರು. "ಹೊಸದು."

"ಅದು ಬರೋಕೆ ಹೊತ್ತಾಗುತ್ತೆ ರೀ, ನಾನಿನ್ನೂ ಬಿಟ್ಟೇ ಇಲ್ಲ" ಎಂದೆ.

ನುಂಗು ಟೀಚರ್ ಕುರ್ಚಿ ಎಳೆದುಕೊಂಡು ಕೂತಳು. "ಹೋಗಿ ಬನ್ನಿ ಅಮ್ಮಾ. ನಾನು ಕಾಯ್ತೀನಿ." ಆ ಮಗುವಿಗೆ ಬೇರೆ ಎಷ್ಟು ಮನೆಗಳಿದ್ದವೋ. ಆದರೂ ಕಾದಳು.

ಏರು ಬೀದಿಗೆ ಬಿಟ್ಟೆ. ಅಲ್ಲಿಯವರು ಎಲ್ಲರ ಕೊಡ ತುಂಬಿತೆಂದು ಕೂಗಿ ಹೇಳಿದ ಮೇಲೆ ಮೆಲ್ಲಗೆ ಮುಚ್ಚಿ ಶಾಲೆ ಬೀದಿಗೆ, ಅಲ್ಲಿಂದ ತಗ್ಗಿನ ಬೀದಿಗೆ. ಇವತ್ತು ಕೈ ಓಡಲು ನೋಡುತ್ತಿತ್ತು, ನಾನೇ ತಡೆದು ತಡೆದು ಕಿವಿಕೊಟ್ಟೆ. ಆಮೇಲೆ ನಮ್ಮ ಬೀದಿಯ ವಾಲ್ವ್. ಗಾಳಿ ಹೋಯಿತು, ಗುಳುಗುಳು ಹೋಯಿತು, ಗುಂಯ್ ಎಂದಿತು. ಚಾವಿಯನ್ನು ದರ್ಜಿಯ ಕೈಗೆ ಕೊಟ್ಟು ಮನೆಗೆ ಓಡಿದೆ.

ನಲ್ಲಿ ಕೆಮ್ಮಿತು, ಉಗುಳಿತು, ತುಕ್ಕಿನ ಕೆಂಪು ನೀರು ಕಕ್ಕಿತು. ತಿಳಿಯಾಗುವವರೆಗೆ ಹರಿಯಲು ಬಿಟ್ಟು ಲೋಟ ಹಿಡಿದೆ. ಕಿಟಕಿಯ ಬೆಳಕಿಗೆ ಎತ್ತಿ ನೋಡಿದೆ, ಲೋಟದಾಚೆಗೆ ಇವರ ಮುಖ ಕಾಣುವಷ್ಟು ಶುಭ್ರ.

ಮೊದಲು ಒಂದು ಚಮಚ. ಗದ್ದ ಎದೆಗೆ. ನನ್ನ ಬೆರಳು ಗಂಟಲ ಮೇಲೆ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು. ಗಂಟು ಎದ್ದಿತು, ಇಳಿಯಿತು. ಕಾದೆವು. ಕೆಮ್ಮಿಲ್ಲ. ಇನ್ನೊಂದು ಚಮಚ. ಕಾದೆವು. ಆಮೇಲೆ ಲೋಟದಿಂದಲೇ ಒಂದು ಗುಟುಕು. ಬೆರಳ ಕೆಳಗೆ ನೀರು ಹಾದುಹೋದದ್ದು ನನಗೆ ಗೊತ್ತಾಯಿತು, ಚಾವಿಯ ಹಿಡಿಯಲ್ಲಿ ಗೊತ್ತಾಗುವ ಹಾಗೆಯೇ.

"ಈಗ 'ಆ' ಅನ್ನಿ" ಎಂದಳು ನುಂಗು ಟೀಚರ್. ದನಿಯಲ್ಲಿ ನೀರಿನ ಗುಳುಗುಳು ಇದೆಯೇ ಎಂದು ನೋಡಲು.

ಇವರು 'ಆ' ಅನ್ನಲಿಲ್ಲ. ನನ್ನ ಮುಖ ನೋಡಿ, ಒಣಗಿದ, ಸ್ವಚ್ಛವಾದ, ಹಳೆಯ ದನಿಯಲ್ಲಿ ಹೇಳಿದರು:

"ನೀರು ಬಂತು."

ನುಂಗು ಟೀಚರ್ ಕಣ್ಣೊರೆಸಿಕೊಂಡು ನಕ್ಕಳು. ನಾನು ಇವರ ಗಂಟಲಿನಿಂದ ಬೆರಳು ತೆಗೆಯಲಿಲ್ಲ, ತೆಗೆಯಲಾಗಲಿಲ್ಲ. ಅಕ್ಕ ಬೀದಿ ಬಾಗಿಲಿಗೆ ಓಡಿ, ಗಾಜು ಅದುರುವ ದನಿಯಲ್ಲಿ "ನೀರು ಬಂತು! ನೀರು ಬಂತು!" ಎಂದು ಕೂಗಿದರು.

ಎದುರು ಮನೆಯಾಕೆ ಕಿಟಕಿಯಿಂದ ತಲೆ ಹಾಕಿ, "ಆಗ್ಲೇ ಬಂತಲ್ಲಕ್ಕಾ, ನಮ್ದು ತುಂಬೇ ಹೋಯ್ತು" ಎಂದಳು.

ಅವರದು ತುಂಬಿರಲಿ. ನಮ್ಮ ಮನೆಗೆ ಈಗ ಬಂತು, ಕೊನೆಗೆ.